ಮುರಕಲ್ಲು ಗುಂಡಿಯ ಗಣಕವೂ ಇಪ್ಪತ್ತಮೂರು ಹಪ್ಪಳವೂ

ಕೆಂಪುಗುಂಡಿ, ಕ್ರಿ.ಶ. 2291, ಆಟಿ ತಿಂಗಳ ಐವತ್ತೆರಡನೆಯ ದಿನ (ಮಳೆ ನಿಲ್ಲದೆ ಆಟಿ ಮುಗಿಯಕೂಡದೆಂದು ನಮ್ಮಲ್ಲಿ ಕಾನೂನಾಗಿದೆ).

ಇನ್ನೂರು ಚಿಲ್ಲರೆ ವರ್ಷ ಹಿಂದಿನ ಹಿರಿಯರೇ,

ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದು ನಮಗೂ ಹಾಗೆಯೇ. ಮೊದಲಿಗೆ ತಪ್ಪೊಪ್ಪಿಗೆ. ಮಹಾಗಣಕದ ಕಾವಲುಗಾರ ದೂಮಪ್ಪನೆಂಬ ನಾನು, ಸ್ಥಿರಬುದ್ಧಿಯಿಂದ, ಹಸಿವಿನ ಒತ್ತಡವೊಂದನ್ನು ಬಿಟ್ಟು ಬೇರಾವ ಒತ್ತಡಕ್ಕೂ ಒಳಗಾಗದೆ, ಗುಲಾಬಿ ಅಜ್ಜಿಯ ಇಪ್ಪತ್ತಮೂರು ಹಲಸಿನ ಹಪ್ಪಳಗಳನ್ನು ಕದ್ದು ತಿಂದಿದ್ದೇನೆ. ಊರಿನಲ್ಲಿ ಯಾರೆದುರೂ ಇದನ್ನು ಒಪ್ಪಿಕೊಂಡಿಲ್ಲ. ನೀವೆಲ್ಲ ತೀರಿಹೋಗಿರುವುದರಿಂದ ನಿಮ್ಮ ಮೇಲೆ ಪೂರ್ಣ ವಿಶ್ವಾಸ.

ನೀವು ಮಹಾಗಣಕಗಳಿಗೆ ಅರಮನೆ ಕಟ್ಟಿ, ತಲೆ ತಣ್ಣಗಿಡಲು ನದಿಗಳನ್ನೇ ಕುಡಿಸುತ್ತಿದ್ದಿರಂತೆ. ನಮ್ಮದು ಕೆಂಪು ಮುರಕಲ್ಲು ಕಡಿದು ಬಿಟ್ಟ ಹಳೆಯ ಗುಂಡಿಯ ತಳದಲ್ಲಿ, ಅರುವತ್ತು ಅಡಿ ಮಳೆನೀರಿನ ಕೆಳಗಿದೆ. ಅಳಿವೆಯ ಉಬ್ಬರವಿಳಿತದಿಂದ ಅದಕ್ಕೆ ವಿದ್ಯುತ್ತು. ಅದು ಉಗುಳುವ ಬಿಸಿಯೆಲ್ಲ 'ಬಿಸಿಪಾಲು' ಎಂಬ ಹೆಸರಿನಲ್ಲಿ ಊರಿಗೆ ಸೇರುತ್ತದೆ: ಭತ್ತ ಬೇಯುವುದು, ಬಂಗುಡೆ ಒಣಗುವುದು, ಬಾಣಂತಿಯ ಸ್ನಾನದ ನೀರು ಕಾಯುವುದು ಅದರಲ್ಲೇ. ಬಿಸಿಲು ಕಾಣದ ಊರಿನ ಹಪ್ಪಳಗಳಂತೂ ಗಣಕದ ಪಕ್ಕದಲ್ಲೇ ನೀರಿನಡಿಯಿರುವ ನನ್ನ ಕೋಣೆಯ ಬಿಸಿಕಿಂಡಿಗಳ ಮೇಲೆಯೇ ಒಣಗಬೇಕು. ಹಪ್ಪಳದ ಮಗ್ಗುಲಲ್ಲೇ ವರ್ಷವಿಡೀ ಕೂರಿಸಿದವನಿಗೆ ಹಪಹಪಿ ಹುಟ್ಟಿದರೆ ತಪ್ಪು ಯಾರದು?

ಉಬ್ಬರದ ವಿದ್ಯುತ್ತು ಗಣಕಕ್ಕೆ ಮೀಸಲು, ಮನುಷ್ಯನಿಗೆ ಒಂದು ಚಮಚವೂ ಇಲ್ಲ. ನನ್ನ ದೀಪ, ಮೇಲೆ ಹತ್ತುವ ಮೆಟ್ಟಿಲಿನ ಬಾಗಿಲು ಎಲ್ಲ ನಡೆಯುವುದು ಅಜ್ಜಿಬಲದಿಂದ. ನಿಮ್ಮಲ್ಲಿ ಅಶ್ವಬಲವಿತ್ತಲ್ಲ, ಹಾಗೆ. ಊರಿನ ಪ್ರತಿ ಜಗಲಿಯ ತೂಗುಮಂಚಕ್ಕೂ ತೊಟ್ಟಿಲಿಗೂ ತಂತಿ ಎಳೆದಿದೆ. ಎಲೆಯಡಿಕೆ ಹಾಕಿಕೊಂಡು ಒಬ್ಬ ಅಜ್ಜಿ ತೂಗಿಕೊಂಡರೆ ಒಂದು ಅಜ್ಜಿಬಲ. ಬಾಗಿಲು ತೆರೆಯಲು ಹನ್ನೆರಡು ಬೇಕು. ತೂಗುತ್ತ ಆಡುವುದರಿಂದ ಅವರ ಮಾತಿಗೂ ತೂಕ ಹೆಚ್ಚು.

ಮೂರು ದಿನದ ಹಿಂದೆ, ಹಗ್ಗದ ಬುಟ್ಟಿಯಲ್ಲಿ ಮೇಲೆ ಹೋದ ಹಪ್ಪಳಗಳನ್ನು ಗುಲಾಬಿ ಅಜ್ಜಿ ಎಣಿಸಿದರು. ಎಲ್ಲ ಜಗಲಿಗಳಿಗೂ ಹೋಗುವ ಮಾತುಗೊಳವೆಯಲ್ಲಿ ಅವರ ಧ್ವನಿ ಬಂತು.

"ದೂಮಾ, ಹಪ್ಪಳಕ್ಕೆ ಎಂತ ಕಾಲು ಬಂತಾ?"

"ಆವಿಯಾಗಿರಬಹುದು ಅಜ್ಜಿ," ಎಂದೆ.

"ಆವಿ ಆದದ್ದು ನಿನ್ನ ಹೊಟ್ಟೆಯಲ್ಲಿ ಮಾರಾಯ! ಇವ ಒಪ್ಪಿಕೊಳ್ಳುವವರೆಗೆ ಯಾರೂ ತೂಗುವುದು ಬೇಡ!"

ಹನ್ನೆರಡು ಮಂಚಗಳೂ ಒಟ್ಟಿಗೆ ನಿಂತವು. ಬುಟ್ಟಿಯಲ್ಲಿ ಗಂಜಿ ಇಳಿಯುತ್ತಿದೆ, ನಾನು ಮಾತ್ರ ಏರುತ್ತಿಲ್ಲ. ಗಾಜಿನ ಕಿಟಕಿಯಾಚೆ ಒಂದು ಮುಗುಡು ಮೀನು ದಿನಕ್ಕೆ ಮೂರು ಸಲ ಬಂದು ನನ್ನನ್ನು ನೋಡಿ ಹೋಗುತ್ತದೆ. ತೊಟ್ಟಿಯಲ್ಲಿರುವುದು ಯಾರೆಂದು ಅದಕ್ಕೂ ಗೊತ್ತಾಗಿದೆ.

ದೀಪ ಮಾತ್ರ ಉರಿಯುತ್ತಿದೆ, ಏಕೆಂದರೆ ಒಂದು ತೊಟ್ಟಿಲು ಮುಷ್ಕರಕ್ಕೆ ಸೇರಿಲ್ಲ. ಅದು ನನ್ನ ಮಗಳದು. ಬೆಳಕು ಮಿನುಗಿದರೆ ಹೆಂಡತಿ ಸುಗುಣ ತೂಗುತ್ತಿದ್ದಾಳೆ. ಮಂಕಾದರೆ ಮಗು ಮಲಗಿದೆ. ಮೂರು ದಿನದಿಂದ ಮಗಳನ್ನು ಹೀಗೆಯೇ ನೋಡುತ್ತಿದ್ದೇನೆ. ಇಂದು ಅವಳಿಗೆ ಹನ್ನೆರಡು ದಿನ, ಮಧ್ಯಾಹ್ನ ನಾಮಕರಣ. ಕಿವಿಯಲ್ಲಿ ಹೆಸರು ಉಸುರಬೇಕಾದವನು ಅಪ್ಪ. ಕೊಳವೆಯಲ್ಲಿ ಕೂಗಿದರೆ ಊರಿಗೆಲ್ಲ ಹೆಸರಿಟ್ಟಂತಾಗುತ್ತದೆ.

ಗಣಕವನ್ನೇ ಉಪಾಯ ಕೇಳಿದೆ. ಇಡೀ ಅರಬ್ಬೀ ಸಮುದ್ರದ ಗಾಳಿಗೆ ಲೆಕ್ಕ ಹಾಕುವ ಯಂತ್ರ ಒಂದು ಗಳಿಗೆ ಕಾದು, "ಅಜ್ಜಿಯರ ಮನಸ್ಸು: ಮಾಹಿತಿ ಸಾಲದು" ಎಂದಿತು.

ಆದ್ದರಿಂದ ಹಿರಿಯರೇ, ಗಣಕವನ್ನು ಗುಂಡಿಯಲ್ಲಿಡಿ, ಕಡಲಲ್ಲಿಡಿ, ಚಂದ್ರನಲ್ಲಿಡಿ; ಬಾಗಿಲಿಗೆ ಒಳಗಿನಿಂದ ಒಂದು ಹಿಡಿ ಇಡಿ. ನಾನಂತೂ ಬಾಗುವವನಲ್ಲ. ಇಲ್ಲೇ ಮುದುಕನಾದರೂ ಸರಿ, ನನ್ನ ತಪ್ಪೊಪ್ಪಿಗೆ ಒಬ್ಬ ಅಜ್ಜಿಯ ಕಿವಿಗೂ ಬೀಳದು.

ದೀಪ ಈಗ ಜೋರಾಯಿತು. ಇನ್ನೂ ಜೋರಾಯಿತು. ಇದು ಒಂದು ತೊಟ್ಟಿಲಿನ ಬೆಳಕಲ್ಲ.

ಹೇಳಲು ನಾಚಿಕೆ. ಬರೆಯುವಾಗ ಗಟ್ಟಿಯಾಗಿ ಓದಿಕೊಳ್ಳುವುದು ನನ್ನ ಶಾಲಾದಿನಗಳ ಅಭ್ಯಾಸ. ಕೊಳವೆಯ ಮುಚ್ಚಳ ಬೆಳಿಗ್ಗೆಯಿಂದ ತೆರೆದೇ ಇದೆ. ಮೇಲೆ ಅಜ್ಜಿಯರು ಬಿದ್ದು ಬಿದ್ದು ನಗುತ್ತಿದ್ದಾರೆ, ನಗುವಿಗೆ ಮಂಚಗಳು ತಾವೇ ತೂಗುತ್ತಿವೆ. ಬಾಗಿಲು ಒಂದು ಗೇಣು ತೆರೆದಿದೆ. ಇಪ್ಪತ್ತಮೂರು ಹಪ್ಪಳ ತಿಂದವನಿಗೆ ಅದು ಸಾಲದು.

"ದೂಮಾ, ಆ 'ಹಸಿವಿನ ಒತ್ತಡ' ಅಂತ ಉಂಟಲ್ಲ, ಅಲ್ಲಿಂದ ಪುನಃ ಓದು ಮಾರಾಯ," ಎನ್ನುತ್ತಿದ್ದಾರೆ ಗುಲಾಬಿ ಅಜ್ಜಿ. "ಸ್ವಲ್ಪ ದೊಡ್ಡಕ್ಕೆ!"

ಓದುತ್ತೇನೆ. ಮಗಳು ಕಾಯುತ್ತಿದ್ದಾಳೆ.