ಹೊರಗಿಟ್ಟ ಮುಚ್ಚಳ

ಹದಿನಾಲ್ಕು, ಗುರುವಾರ.

'ಅತ್ರೆ ಅವಳು ಎದ್ದು ಬರ್ತಾಳೇನೋ?' ಅಂತ ನನ್ನನ್ನು ಗದರಿದ್ದ ಭಾವ, ಅಕ್ಕನ ಹೆಣದ ಮುಂದೆ. ಅವನ ಕಣ್ಣು ಒಣಗಿತ್ತು. ಅವತ್ತಿನಿಂದ ನನಗೆ ಅವನು ಭಾವನಲ್ಲ. ನಮ್ಮ ಔಷಧ ಪ್ರಯೋಗಾಲಯದ ಮುಖ್ಯಸ್ಥ, ಅಷ್ಟೆ.

ಬೆಂಜೈಲ್ ಬ್ರೋಮೈಡ್ ನೋಡಲು ನೀರಿನಷ್ಟು ಸಾಧು. ಎದುರು ಸಿಕ್ಕ ಅಣುವಿಗೆ ಅಂಟಿಕೊಳ್ಳುವ ಸ್ವಭಾವ. ಅದಕ್ಕೇ ಔಷಧ ಕಟ್ಟುವಾಗ ಅಣುವಿನ ಒಂದು ತುದಿಯನ್ನು ಮುಚ್ಚಿಡಲು ಅದನ್ನು ಬಳಸುತ್ತೇವೆ. ಆವಿ ಸೋಕಿದರೆ ಸಾಕು, ಕಣ್ಣಿನಲ್ಲಿ ನೀರು ಕಿತ್ತುಕೊಂಡು ಬರುತ್ತದೆ. ಬಾಟಲಿಯಷ್ಟೇ ಅಲ್ಲ, ಅದರ ಮುಚ್ಚಳವೂ ಗಾಳಿ ಹೀರುವ ಗೂಡಿನೊಳಗೇ ಇರಬೇಕು.

ಇವತ್ತು ಮುಚ್ಚಳವನ್ನು ಹೊರಗೆ, ಅವನು ದಿನಾ ಬಂದು ನಿಲ್ಲುವ ಮೇಜಿನ ಮೇಲೆ ಇಟ್ಟೆ. ಬೇಕೆಂದೇ. ನಾನು ಮುಖಕವಚ ಹಾಕಿಕೊಂಡಿದ್ದೆ.

ಅವನು ಬಂದು ನಿಂತ. ಕಣ್ಣಿಂದ ನೀರು ಧಾರೆಯಾಗಿ ಸುರಿಯಿತು. ನನ್ನ ಹೊಟ್ಟೆ ತಣ್ಣಗಾಯಿತು. ಅಷ್ಟರಲ್ಲಿ ಸ್ಟೋರಿನ ಹೆಂಗಸು ಬಾಗಿಲಲ್ಲಿ ನಿಂತು, 'ಅಯ್ಯೋ ಪಾಪ, ಅಮ್ಮಾವ್ರ ನೆನಪಾಯ್ತಾ? ಅತ್ತುಬಿಡಿ ಸಾರ್, ಹಗುರಾಗುತ್ತೆ' ಅಂದಳು.

'ಹೂಂ ಕಣಮ್ಮ' ಅಂದ. ಕಳ್ಳ! ನನ್ನ ಸೇಡು ಅವನನ್ನು ಒಳ್ಳೆಯ ಗಂಡನನ್ನಾಗಿ ಮಾಡಿಬಿಟ್ಟಿತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆದರೆ ಆ ಆವಿಯ ವಾಸನೆಯನ್ನು ಗುರುತಿಸಲು ನನಗೆ ಕಲಿಸಿದವನೇ ಅವನು. ಮುಚ್ಚಳವನ್ನು ನೋಡಿದ, ನನ್ನನ್ನೂ ನೋಡಿದ. ಸ್ವಲ್ಪ ಹಿಂದೆ ಸರಿದಿದ್ದರೆ ಸಾಕಿತ್ತು. ಸರಿಯಲಿಲ್ಲ.

ಅಕ್ಕಾ, ಅವನು ಅಲ್ಲೇ ಯಾಕೆ ನಿಂತ?