ಮೆಸ್ಸಿನ ಊಟ

ಸ್ಯಾನ್ ಆಂಟೋನಿಯೊ, ಮಂಗಳವಾರ

ಅಪ್ಪಾ,

ಪ್ರವೇಶ ಮುಗಿಯಿತು. ಖಾಸಗಿ ವಿಶ್ವವಿದ್ಯಾಲಯ ನಮ್ಮಂಥವರಿಗಲ್ಲ ಎನ್ನುತ್ತಿದ್ದಳಲ್ಲ ಅತ್ತೆ, ಅವಳಿಗೆ ಮೊದಲು ಹೇಳು. ಸೈನ್ಯ ನಿನಗೆ ಕೊಟ್ಟ ಓದಿನ ಸವಲತ್ತನ್ನು ನನ್ನ ಹೆಸರಿಗೆ ಮಾಡಿದ್ದೆಯಲ್ಲ, ಶುಲ್ಕವೆಲ್ಲ ಅದರಲ್ಲೇ ಹೋಯಿತು.

ಪ್ರವೇಶದ ಕಚೇರಿಯಲ್ಲಿ ಕಾಗದ ನೋಡಿದ ಶ್ರೀಮತಿ ಪ್ರುಯಿಟ್ ಹಿಂದೆ ನೌಕಾಪಡೆಯಲ್ಲಿದ್ದವರು. "ಪುಕ್ಕಟೆ ಬಂತು ಅಂದ್ಕೊಂಡ್ಯೇನೇ ಹುಡುಗಿ? ಇನ್ನೂ ನಾಲ್ಕು ವರ್ಷ ಸೈನ್ಯದಲ್ಲೇ ಇರ್ತೀನಿ ಅಂತ ಒಪ್ಕೊಂಡ್ರೇನೇ ಮಕ್ಕಳ ಹೆಸರಿಗೆ ಮಾಡ್ಕೊಡೋದು," ಎಂದು ನಿನ್ನ ಸಹಿಯ ತಾರೀಖು ತೋರಿಸಿದರು. ಆಗ ನನಗೆ ಒಂಬತ್ತು ವರ್ಷ.

ಆ ವರ್ಷ ನೀನು ಸೈನ್ಯ ಬಿಟ್ಟು ಮನೆಗೇ ಬಂದುಬಿಡುತ್ತೀಯೆಂದು ಕಾದಿದ್ದೆ. ಫೋನಿನಲ್ಲಿ ನೀನು, "ಮೆಸ್ಸಿನ ಊಟ ಬಾಯಿಗೆ ಹತ್ಬಿಟ್ಟಿದೆ ಕಣೇ, ಬಿಟ್ಟು ಬರೋಕೆ ಮನಸ್ಸಿಲ್ಲ," ಎಂದು ನಕ್ಕಿದ್ದೆ. ನನಗಿಂತ ಆ ಊಟ ಹೆಚ್ಚಾಯಿತೇ ಎಂದು ಅಂದಿನಿಂದ ನಿನ್ನ ಮೇಲೆ ಮುನಿಸಿಕೊಂಡೇ ಇದ್ದೆ.

ಇವತ್ತು ತಂದೆಯ ಹೆಸರು ಕೇಳಿದಾಗ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹುದ್ದೆ ಸಮೇತ ಹೇಳಿದೆ.

ಭಾನುವಾರ ಬರುತ್ತೇನೆ. ತಮಾಲೆ ಕಡುಬು ನಾನೇ ಮಾಡುತ್ತೇನೆ. ಆ ನೋಯುವ ಮಂಡಿ ಇಟ್ಟುಕೊಂಡು ನೀನು ಒಲೆಯ ಮುಂದೆ ನಿಲ್ಲಬೇಡ. ಊಟಕ್ಕೆ ಕೂತಾಗ, ಮೆಸ್ಸಿನ ಊಟ ಹೇಗಿತ್ತೆಂದು ಈಗಲಾದರೂ ನಿಜ ಹೇಳು.

ಸಾರ್ಜೆಂಟ್ ಓಚೋವಾ ಅವರ ಮಗಳು,
ಮಾರಿಸೆಲಾ