ಗಡಿಕಲ್ಲಿನ ಪುಟ

ಕೀಳ್ ಕೋತಗಿರಿ,
6-5-2001, ಭಾನುವಾರ

ಪ್ರೀತಿಯ ತಮ್ಮ ಜಗದೀಶನಿಗೆ,

ಝಾನ್ಸಿಯ ಬಿಸಿಲಲ್ಲಿ ನೀನೂ ಸಂಗೀತಾಳೂ ಹೇಗಿದ್ದೀರಿ? ನಿನ್ನ ಮೊಣಕಾಲು ನೋವು ಕಡಿಮೆಯಾಯಿತೇ? ನೋವಿನ ಸುದ್ದಿ ಸಂಗೀತಾ ಅವ್ವೆಗೆ ಫೋನಿನಲ್ಲಿ ಹೇಳಿದ್ದರಿಂದ ತಿಳಿಯಿತು. ಅಪ್ಪ ಹೋದ ಮೇಲಿನ ಈ ಮೂರು ವರ್ಷದಲ್ಲಿ ನಾನು ಬರೆದ ಎರಡು ಕಾಗದಕ್ಕೂ ನಿನ್ನಿಂದ ಉತ್ತರವಿಲ್ಲ. ಇದು ಮೂರನೆಯದು. ಅವ್ವೆ ಗಟ್ಟಿಯಾಗಿದ್ದಾಳೆ. ಕಣ್ಣು ಮಂದವಾಗಿದೆ, ನಾಲಿಗೆ ಆಗಿಲ್ಲ. ಮಳೆ ಬೇಗ ಬಿದ್ದದ್ದರಿಂದ ಟೀ ಎಲೆ ಚೆನ್ನಾಗಿ ಬಂದಿದೆ, ನಿನ್ನ ಅತ್ತಿಗೆ ಕಮಲಂ ದಿನವಿಡೀ ತೋಟದಲ್ಲೇ ಇರುತ್ತಾಳೆ.

ಮಗಳು ಅಮೃತಾ ಕೊಯಮತ್ತೂರಿನ ಕಾಲೇಜಿನಿಂದ ಬಂದಿದ್ದಾಳೆ. ಬಂದವಳೇ ಟ್ರಂಕಿನಲ್ಲಿದ್ದ ಫೋಟೋಗಳನ್ನೆಲ್ಲ ಹೊರಗೆ ಹಾಕಿ, ಕಪ್ಪು ಹಾಳೆಗಳ ದಪ್ಪ ಪುಸ್ತಕವೊಂದಕ್ಕೆ ಅಂಟಿಸತೊಡಗಿದಳು. ಬರೀ ಫೋಟೋ ಸಾಲದಂತೆ. ಒಂದೊಂದರ ಪಕ್ಕಕ್ಕೂ ಮನೆಯವರು ತಮಗೆ ನೆನಪಿದ್ದದ್ದನ್ನು ಬರೆದು ಕೊಡಬೇಕು, ಆ ಕಾಗದವನ್ನೂ ಅಂಟಿಸುತ್ತಾಳೆ. ಅವಳು ಬರೆಯುವುದು ತಮಿಳಿನಲ್ಲಿ, ನಾನು ಅಪ್ಪ ಕಲಿಸಿದ ಕನ್ನಡದಲ್ಲಿ. ಅವ್ವೆ ಬಾಯಲ್ಲಿ ಹೇಳಿದ್ದನ್ನು ಬಿಡುವಿದ್ದವರು ಬರೆದುಕೊಳ್ಳುತ್ತಾರೆ. ಅಪ್ಪ ಗುದ್ದಲಿ ಹಿಡಿದು ತೋಟದ ಅಂಚಿನಲ್ಲಿ ನಿಂತ ಫೋಟೋ ನಿನಗೆ ನೆನಪಿರಬಹುದು. ಅದಕ್ಕೆ ಕಮಲಂ, ‘ಮಾವ ಶ್ರಮಜೀವಿ, ಮೃದು ಮಾತಿನವರು’ ಎಂದು ಬರೆದಳು. ಅಕ್ಕ ಪಂಕಜಂ ನಡುವಟ್ಟಂನಿಂದ, ‘ಅಪ್ಪ ಶ್ರಮಜೀವಿ, ಯಾರಿಗೂ ಕೆಟ್ಟದ್ದು ಮಾಡಿದವನಲ್ಲ’ ಎಂದು ಬರೆದು ಕಳಿಸಿದಳು. ಓದಿ ಹೇಳಿದಾಗ ಅವ್ವೆ ನಕ್ಕಳು: “ಇದು ಯಾರ ಮನೆ ಗಂಡ? ನಾ ಕಟ್ಟಿಕೊಂಡವ ಇವ ಅಲ್ಲ!”

ಅಮೃತಾ ನಗಲಿಲ್ಲ. “ಅಪ್ಪಾ, ಸಾವಲ್ಲಿ ಎಲ್ಲರಿಗೂ ಒಂದೇ ಪಾಪ, ಪುಸ್ತಕದಲ್ಲಿ ಎಲ್ಲರಿಗೂ ಒಂದೇ ಪುಣ್ಯ. ಹಾಗಾದರೆ ಅಜ್ಜ ನಿಜವಾಗಿ ಮಾಡಿದ್ದೇನು?” ಎಂದಳು. ನಾನು ಎದ್ದು ಹೊರಗೆ ಹೋದೆ. ಪ್ರಶ್ನೆ ನನ್ನ ಹಿಂದೆಯೇ ಬಂತು.

ನೀನು ಹದಿನೆಂಟಕ್ಕೆ ಮಿಲಿಟರಿ ಸೇರಿದವನು. ಹುಡುಗನಿದ್ದಾಗ ಸಾವಿನ ಮನೆಗೆ ಬಿಡುತ್ತಿರಲಿಲ್ಲ, ಆಮೇಲೆ ಹಟ್ಟಿಯ ಯಾವ ಸಾವಿಗೂ ನೀನಿರಲಿಲ್ಲ. ಹಾಗಾಗಿ ಅಪ್ಪನ ಸಾವಿನ ದಿನವೇ ನೀನು ಮೊದಲ ಸಲ ಆ ಶಾಸ್ತ್ರ ಕೇಳಿದ್ದು. ಸತ್ತವನ ಪಾಪಗಳನ್ನು ಹಿರಿಯನೊಬ್ಬ ಒಂದೊಂದಾಗಿ ಹೇಳುತ್ತಾನೆ, ನಿಂತವರೆಲ್ಲ ಪ್ರತಿ ಸಲವೂ ‘ಪಾಪ’ ಎಂದು ದನಿಗೂಡಿಸುತ್ತಾರೆ, ಎಲ್ಲವೂ ಶಾಸ್ತ್ರಕ್ಕೆಂದು ತಂದು ಬಿಡುವ ಕರುವಿನ ಮೇಲೆ ಹೋಗಿ ಸತ್ತವನ ದಾರಿ ಹಗುರವಾಗುತ್ತದೆ. ಹಾವು ಕೊಂದದ್ದು, ಅಣ್ಣತಮ್ಮಂದಿರ ನಡುವೆ ಜಗಳ ತಂದದ್ದು, ಗಡಿಕಲ್ಲು ಸರಿಸಿದ್ದು. ಇರುವೆಯನ್ನೂ ತುಳಿಯದವನಿಗೂ ಇದೇ ಪಟ್ಟಿ. ಅಂದು ಹೇಳುತ್ತಿದ್ದವರು ಮಾದನ್ ಚಿಕ್ಕಪ್ಪ, ನಮ್ಮ ಪಕ್ಕದ ತೋಟದವರು. ಗಡಿಕಲ್ಲಿನ ಮಾತು ಬಂದಾಗ ನೀನು ಅವರ ತೋಳು ಹಿಡಿದೆ. “ಸತ್ತವನನ್ನು ಊರ ಮುಂದೆ ಕಳ್ಳ ಅಂತೀರಾ?” ಎಂದೆ. ಅವರು ಸಿಟ್ಟಾಗಲಿಲ್ಲ. “ತಮ್ಮಾ, ಇದ ನಿನ್ನ ಅಪ್ಪಗ ಮಾತ್ರ ಹೇಳೋದಲ್ಲ. ನಾ ಸತ್ತರೂ ಇದೇ ಹೇಳುವರು, ನೀ ಸತ್ತರೂ ಇದೇ” ಎಂದರು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ನೀನು ನಂಬಲಿಲ್ಲ. ಉಳಿದ ಶಾಸ್ತ್ರಕ್ಕೂ ನಿಲ್ಲದೆ ಬಸ್ಸು ಹತ್ತಿದೆ.

ನೀನೇಕೆ ನಂಬಲಿಲ್ಲ ಎಂದು ಎಷ್ಟೋ ದಿನ ಯೋಚಿಸಿದ್ದೇನೆ. ನನಗೆ ಹೊಳೆದದ್ದು ಇಷ್ಟು. ಪ್ರತಿ ಸಾಲಿಗೂ ‘ಪಾಪ’ ಎನ್ನುತ್ತಿದ್ದ ನಾನು ಆ ಒಂದಕ್ಕೆ ಸುಮ್ಮನಾದೆ. ನೀನು ಪಕ್ಕದಲ್ಲೇ ಇದ್ದೆ, ತಿರುಗಿ ನನ್ನ ಮುಖ ನೋಡಿದೆ. ಅಣ್ಣನೇ ಬಾಯಿ ಮುಚ್ಚಿದ ಮೇಲೆ ಇದು ಅವಮಾನವೇ ಎಂದುಕೊಂಡೆ, ಅಲ್ಲವೇ?

ನಾನು ಸುಮ್ಮನಾದದ್ದು ಅವಮಾನಕ್ಕಲ್ಲ. ಅರವತ್ತೆಂಟರ ಮಳೆಗಾಲ, ನನಗೆ ಹದಿಮೂರು, ನಿನಗೆ ಎಂಟು. ಮಧ್ಯಾಹ್ನ ಎದುರಿನ ಮನುಷ್ಯ ಕಾಣದಷ್ಟು ಮಂಜು. ಅಪ್ಪ ನನ್ನನ್ನು ತೋಟಕ್ಕೆ ಕರೆದೊಯ್ದ. ಇಬ್ಬರೂ ಸೇರಿ ಕಲ್ಲನ್ನು ಕಿತ್ತು ನಾಲ್ಕು ಅಡಿ ಆಚೆ, ಚಿಕ್ಕಪ್ಪನ ನೆಲದಲ್ಲಿ ನೆಟ್ಟೆವು. ಒಂದು ಸಾಲು ಟೀ ಗಿಡಕ್ಕೆ ಜಾಗವಾಯಿತು. ಅಪ್ಪ ಒಂದೇ ಮಾತು ಹೇಳಿದ್ದು: “ಬೇಗ, ಮಂಜು ಎದ್ದೀತು.” ಆ ಸಂಜೆ ಒಂದು ಪೊಟ್ಟಣ ವರ್ಕಿ ಬಿಸ್ಕತ್ತನ್ನು ನನಗೊಬ್ಬನಿಗೇ ಕೊಟ್ಟ. ನನಗೇಕಿಲ್ಲ ಎಂದು ನೀನು ಅತ್ತೆ. ನಾನು ಗೋಡೆಗೆ ಮುಖ ಮಾಡಿ ತಿಂದೆ. ಅಪ್ಪನ ಪ್ರೀತಿ ಎಂದಾಗ ನನಗೆ ಇಂದಿಗೂ ನೆನಪಾಗುವುದು ಆ ಪೊಟ್ಟಣ. ಅದೇ ವಿಚಿತ್ರ.

ಮಾದನ್ ಚಿಕ್ಕಪ್ಪನಿಗೆ ಗೊತ್ತಿತ್ತೇ? ಸಾವಿನ ದಿನ ಗಡಿಕಲ್ಲಿನ ಮಾತನ್ನು ಅವರು ನಿಧಾನಿಸಲೂ ಇಲ್ಲ, ಹಾರಿಸಲೂ ಇಲ್ಲ. ಹಾವಿಗೆ ಹೇಳಿದ ಸ್ವರದಲ್ಲೇ ಹೇಳಿದರು. ಗೊತ್ತಿದ್ದೂ ಹಾಗೆ ಹೇಳಬಲ್ಲವರಾಗಿದ್ದರೆ ಅವರು ಎಂಥ ಮನುಷ್ಯ ಎಂದು ಅವರನ್ನು ದಾರಿಯಲ್ಲಿ ಕಂಡಾಗಲೆಲ್ಲ ನೋಡುತ್ತೇನೆ. ಅವರು ಮಳೆಯ ಮಾತಾಡಿ ಹೋಗುತ್ತಾರೆ.

ಇದನ್ನೆಲ್ಲ ಅಮೃತಾಳ ಪುಸ್ತಕಕ್ಕೆಂದು ಒಂದು ಪುಟ ಬರೆದಿದ್ದೇನೆ, ಅವಳಿಗೆ ಇನ್ನೂ ಕೊಟ್ಟಿಲ್ಲ. ಅವನು ನಿನಗೂ ಅಪ್ಪ, ನೀನು ಊರ ಮುಂದೆ ಅವನ ಪರವಾಗಿ ನಿಂತವನು. ಪುಟ ಇದರ ಜೊತೆಗಿದೆ. ಬೇಡ ಎನ್ನಿಸಿದರೆ ಹರಿದುಹಾಕು. ಬೇರೆ ಪ್ರತಿ ಇಟ್ಟುಕೊಂಡಿಲ್ಲ.

ಅವ್ವೆ ನಿನ್ನ ತಲೆ ಮುಟ್ಟಿದಂತೆ ನನ್ನ ತಲೆ ಮುಟ್ಟಿ ಹರಸಿದ್ದಾಳೆ, ಹಾಗೇ ಬರೆಯಲು ಹೇಳಿದಳು. ಸಂಗೀತಾಳಿಗೆ ನಮ್ಮೆಲ್ಲರ ನೆನಪು ತಿಳಿಸು.

ನಿನ್ನ ಅಣ್ಣ,
ಭೋಜನ್

ಮತ್ತೆ: ಅಂಚೆಗೆ ಹಾಕುವ ಮುಂಚೆ ಅವಸರದಲ್ಲಿ ಇಷ್ಟು. ಬೆಳಿಗ್ಗೆ ಹಾರೆ ಹಿಡಿದು ತೋಟಕ್ಕೆ ಹೋಗಿದ್ದೆ. ಕಲ್ಲು ಅಲುಗುತ್ತದೆ, ಒಬ್ಬನಿಂದ ಏಳುವುದಿಲ್ಲ. ಹಳೆಯ ಜಾಗ ನನಗೆ ಸರಿಯಾಗಿ ಗೊತ್ತು. ಮಾದನ್ ಚಿಕ್ಕಪ್ಪನಿಗೆ ಎಪ್ಪತ್ತೆಂಟು, ಕಳೆದ ತಿಂಗಳು ಎರಡು ಸಲ ಆಸ್ಪತ್ರೆಗೆ ಹೋಗಿ ಬಂದರು. ಅವರು ನಡೆದು ಬಂದು ನೋಡುವಷ್ಟು ಗಟ್ಟಿಯಿರುವಾಗಲೇ ಕಲ್ಲು ಹಿಂದಕ್ಕೆ ಹೋಗಬೇಕು. ಕೂಲಿಯವರನ್ನು ಕರೆಯಬಹುದು, ಆದರೆ ನಾನು ಕರೆಯಲಾರೆ. ಯಾವ ಬಸ್ಸಿಗೆ ಬರುತ್ತೀ ಎಂದು ಬರೆ.